ಮೈನಸ್ ಎರಡೂವರೆ

ತೀನ್ ಕಂದೀಲಿನ ಬಗಲಿಗೆ ನನ್ನ ಚಷ್ಮಾದ ಅಂಗಡಿ.
ಬೆಳಕಿನ ಹೆಸರಿಟ್ಟುಕೊಂಡ ಚೌಕ,
ಒಳಗೆ ಮಾತ್ರ ಹಾಡಹಗಲೇ ಟ್ಯೂಬ್‌ಲೈಟು.
ಜೂನ್ ಮುಗಿಯುತ್ತ ಬಂದರೂ ರಾಯಚೂರಿನ ಬಿಸಿಲು
ಕೂಲರಿನ ನೀರನ್ನೇ ಕಾಯಿಸುತ್ತಿತ್ತು.

ತಾಯಿ ಮುಂದೆ, ಮಗ ಹಿಂದೆ.
"ಮೌನೇಶ ಅಂತ್ರಿ. ಹದಿನಾಲ್ಕು ತುಂಬ್ಯಾವ.
ಕಣ್ಣು ಕೆಂಪಗ, ತಲಿ ನೋವಂತಾನ.
ರಾತ್ರಿ ಹೊದಿಕಿ ಒಳಗ ನೀಲಿ ಬೆಳಕು,
ಹೊದಿಕೀನ ಉಸಿರಾಡಿದಂಗ ಕಾಣ್ತದ್ರಿ."

ಕುರ್ಚಿಯಲ್ಲಿ ಕೂರಿಸಿ ಬಲಗಣ್ಣು ಮುಚ್ಚಿಸಿದೆ.
ಗೋಡೆಯ ಅಕ್ಷರಗಳನ್ನು ಗಡಗಡ ಓದಿದ
ಗ, ದ, ರ, ಪ, ವ,
ಕೊನೆಯ ಸಾಲಿನ ಇರುವೆ ಗಾತ್ರದವನ್ನೂ.
ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಓದಿದವರು ಎರಡೇ ಜಾತಿ:
ಹದ್ದಿನ ಕಣ್ಣಿನವರು,
ಇಲ್ಲ, ಬೆಂಚಿನ ಮೇಲೆ ಕೂತು
ಮೊದಲಿನವರು ಓದಿದ್ದನ್ನು ಬಾಯಿಪಾಠ ಮಾಡಿದವರು.
ಚಾರ್ಟು ತಿರುವಿ ಹಾಕಿದೆ.
ಹುಡುಗ ಅದೇ ರಾಗ ಹಿಡಿದ: ಗ, ದ, ರ...
ಅಲ್ಲಿ ಇದ್ದದ್ದು ಅಂಕಿಗಳು.

ತಾಯಿಗೆ ಹೇಳಲಿಲ್ಲ. ಅವನಿಗೆ ಗೊತ್ತಾಯಿತು, ಸಾಕು.
"ಬಾ" ಎಂದು ಮಾಳಿಗೆಗೆ ಹತ್ತಿಸಿದೆ.

"ಅಲ್ಲೇನು ಕಾಣ್ತದ?"
"ಕೋಟಿ ಗುಡ್ಡ."
"ಗುಡ್ಡದ ಮ್ಯಾಲ?"
"ಗುಡ್ಡಾನ."
ಹನ್ನೊಂದು ಆಡು ಮೇಯುತ್ತಿದ್ದವು. ನಾನು ಎಣಿಸಿದ್ದೆ.

ದಪ್ಪ ದುಂಡನೆಯ ಟ್ರಯಲ್ ಫ್ರೇಮು ಮೂಗಿಗೇರಿಸಿ
ಒಂದೊಂದೇ ಗಾಜು ಇಳಿಸುತ್ತ ಉಪದೇಶವನ್ನೂ ಇಳಿಸಿದೆ:
ಗೇಣುದ್ದದಾಗಿಂದನ್ನ ನೋಡಿ ನೋಡಿ
ಕಣ್ಣಿನ ಗುಡ್ಡಿ ಉದ್ದಾಗತದ ತಮ್ಮಾ,
ಉದ್ದಾದದ್ದು ಮತ್ತ ಗಿಡ್ಡ ಆಗಂಗಿಲ್ಲ.
ಮುಂಜಾನಿ, ಸಂಜಿ ಬಯಲಿಗೆ ಹೋಗು. ದೂರ ನೋಡು.
ಹೇಳುತ್ತಿರುವಾಗಲೇ ನನ್ನ ಕಿಸೆಯಲ್ಲಿ ಮೊಬೈಲು ನಡುಗಿತು.
ನೋಡಲಿಲ್ಲ.
ನೋಡಬೇಕೆನಿಸಿತು.

ಒಂದು. ಒಂದೂವರೆ. ಎರಡು.
ಎರಡೂವರೆಗೆ ಹುಡುಗನ ಬಾಯಿ ತೆರೆಯಿತು.
ಆಡು ಅನ್ನಲಿಲ್ಲ, ಕಲ್ಲು ಅನ್ನಲಿಲ್ಲ,
ಸರಕ್ಕನೆ ಮೊಬೈಲು ತೆಗೆದು
ಗುಡ್ಡದ ಫೋಟೊ ಹೊಡೆದ.
ನಕ್ಕೆ. ಮತ್ತೇನು ಮಾಡಲಿ.

ಆಮೇಲೆ ಕೆಳಗೆ ನೋಡಿದ.
ರಸ್ತೆಯಾಚೆ ನೆಲ್ಲಿನ ಲಾರಿ,
ಚೀಲಗಳ ತುದಿಗೆ ಕೆಂಪು ಟವೆಲಿನ ಒಬ್ಬ ಮನುಷ್ಯ.
"ಅಪ್ಪ!" ಅಂದ. "ಅಪ್ಪ ಇಲ್ಲೇ ಲೋಡ್ ಮಾಡ್ತಾನ?"

ಆ ಟವೆಲು ನನಗೆ ಗೊತ್ತು. ದುರುಗಪ್ಪ.
ಸಂಕ್ರಾಂತಿಯ ಹೊತ್ತಿಗೆ ಚಹಾದಂಗಡಿಯಲ್ಲಿ
ಬಟ್ಟಲಿನೊಳಗೆ ನೋಡುತ್ತ ಹೇಳಿದ್ದ:
"ದಿನಾ ಸಾಲಿ ಬಸ್ಸು ಈ ಹಾದೀಲೆ ಹೋಗ್ತದ.
ಕಿಡಕ್ಯಾಗ ಕುಂತಿರ್ತಾನ ಮಗ.
ಟವೆಲ್ ಬೀಸ್ತೀನಿ. ನನ್ನ ಕಡೀನ ನೋಡ್ತಾನ್ರಿ,
ಕೈ ಎತ್ತಂಗಿಲ್ಲ.
ಹಮಾಲಿ ಅಪ್ಪ ಅಂದ್ರ ನಾಚಿಕಿ ಬಂದಿರಬೇಕು,
ಬರೋ ವಯಸ್ಸs ಅಲ್ಲೇನು.
ಈಗ ಬೀಸೋದು ಬಿಟ್ಟೀನಿ."

ನಾಚಿಕೆ ಅಲ್ಲೋ ದುರುಗಪ್ಪ,
ಮೈನಸ್ ಎರಡೂವರೆ. ಎರಡೂ ಕಣ್ಣಿಗೆ.

ತಾಯಿ ಮೆಟ್ಟಿಲ ಬುಡದಿಂದ ಕೂಗಿದಳು:
"ಗಾಜು ಹಾಕಿದ್ರ ಮೊಬೈಲ್ ಬಿಡ್ತಾನೇನ್ರಿ?"
ನೀಲಿ ಬೆಳಕು ತಡೆಯುವ ಗಾಜಿದೆ, ನಾನೂರು ಹೆಚ್ಚಿಗೆ.
ದಿನಾ ಮಾರುತ್ತೇನೆ. ಅವತ್ತು ಬಾಯಿ ಬರಲಿಲ್ಲ.
"ಬಿಡಂಗಿಲ್ಲಮ್ಮ" ಅಂದೆ. "ಬಿಡಿಸಬೇಕಾಗತದ.
ಶನಿವಾರ ಬರ್ರಿ, ಚಷ್ಮಾ ರೆಡಿ ಇರ್ತದ."

ಹುಡುಗ ನನ್ನ ಪಕ್ಕದಲ್ಲಿರಲಿಲ್ಲ.
ಮೆಟ್ಟಿಲು ಧಡಧಡ ಇಳಿದು, ತಾಯಿಯನ್ನು ದಾಟಿ,
ಆಟೋ ಒಂದರ ಬೈಗುಳ ತಿಂದು
ರಸ್ತೆಯ ನಟ್ಟನಡುವೆ ನಿಂತು ಕೈ ಬೀಸುತ್ತಿದ್ದ,
ಮೂಗಿನ ಮೇಲೆ ಕಬ್ಬಿಣದ ಎರಡು ಚಕ್ರ.
ಲಾರಿಯ ಮೇಲಿನವನಿಗೆ
ಯಾರ ಹುಡುಗ ಇದು ಎಂದು ತಿಳಿಯಲಿಲ್ಲ,
ಹಣೆಗೆ ಕೈ ಅಡ್ಡ ಹಿಡಿದು ನೋಡಿದ.

ಮಾಳಿಗೆಯ ಅಂಚಿಗೆ ಬಗ್ಗಿ ನಾನು ಚೀರಿದೆ:
"ಏ! ಫ್ರೇಮು! ನಂದದು ಫ್ರೇಮು!"